ಹಳ್ಳದ ಮರಳು ತೊಳೆಯುತ್ತಿದ್ದವಳು

ನಮ್ಮ ಗದ್ದೆಯಲ್ಲಿ ಬಂಗಾರ ಇರಲಿಲ್ಲ. ನನ್ನ ಗಂಡನಿಗೆ ಹುಚ್ಚು ಹಿಡಿದಿತ್ತು, ಅಷ್ಟೇ.

ನಮ್ಮೂರ ಗುಡ್ಡದಲ್ಲಿ ಹಿಂದಿನವರು ಬಂಗಾರಕ್ಕೆಂದು ತೋಡಿ ಬಿಟ್ಟುಹೋದ ಗುಂಡಿಗಳಿವೆ. ಆ ಕಥೆ ಕೇಳಿ ಬೆಳೆದ ಗಂಡಸರು ಕಲ್ಲು ಹೊಳೆದರೆ ಸಾಕು, ಗುದ್ದಲಿ ಎತ್ತುತ್ತಾರೆ. ಆ ವರ್ಷ ಬೇಸಿಗೆ ಬೆಳೆಗೆ ಅಂಜನಾಪುರದ ನಾಲೆಗೆ ನೀರು ಬಿಟ್ಟಿದ್ದರು. ಸಸಿ ಬಲಿತು ನಿಂತಿತ್ತು. ಇವರು ಹೊಳೆಯುವ ಕಲ್ಲೊಂದು ಸಿಕ್ಕಿತೆಂದು ನಾಟಿ ಬಿಟ್ಟು ಗದ್ದೆಯ ನಡುವೆ ಆಳುದ್ದ ಅಗೆದಿದ್ದರು. ನಮಗೆ ಇದ್ದದ್ದು ಅದೊಂದೇ ಗದ್ದೆ.

ಸೊರಬದ ಕಡೆಯ ಒಬ್ಬ ಹೆಂಗಸು ಮಳೆಗಾಲ ಮುಗಿದು ನಮ್ಮ ಹಳ್ಳದ ನೀರು ಇಳಿದ ಮೇಲೆ ಬಂದು ಅದರ ಮರಳಿನಿಂದ ಬಂಗಾರದ ಪುಡಿ ತೆಗೆಯುತ್ತಿದ್ದಳು. ಯಾರು ಏನೇ ಹೇಳಲಿ, ಅವಳದು ಒಂದೇ ಮಾತು: "ತೊಳ್ದು ನೋಡನ, ತಡ್ರಿ." ಅವಳನ್ನೇ ಕರೆತಂದೆ. ಗದ್ದೆಯಲ್ಲಿ ಬಂಗಾರ ಇದೆ ಎಂದಿದ್ದರೆ ಬೇಸಿಗೆಯಿಡೀ ನಮ್ಮಲ್ಲೇ ಅವಳಿಗೆ ಕೂಲಿ ಸಿಗುತ್ತಿತ್ತು.

ಗುಂಡಿಯ ಮಣ್ಣನ್ನು ತನ್ನ ಮರದ ಮರಿಗೆಗೆ ಹಾಕಿ ನಾಲೆಯಲ್ಲಿ ಮೂರು ಸಲ ತೊಳೆದಳು. ತಳದಲ್ಲಿ ಕರಿಮರಳು ಮಾತ್ರ ಉಳಿಯಿತು. ಆಮೇಲೆ ಇವರ ಹೊಳೆಯುವ ಕಲ್ಲನ್ನು ಬಂಡೆಯ ಮೇಲಿಟ್ಟು ಜಜ್ಜಿದಳು.

"ಬಂಗಾರ ಜಜ್ಜಿದ್ರೆ ಚಪ್ಪಟೆ ಆಗ್ತತಿ, ಯಜಮಾನ್ರೇ. ಹಿಂಗೆ ಪುಡಿ ಆಗಲ್ಲ."

"ಇನ್ನೂ ಕೆಳಗಿದ್ರೆ?" ಎಂದರು ಇವರು.

"ಕೆಳಗೆ ನೀರು ಸಿಗ್ತತಿ. ಬಾವಿ ಮಾಡ್ಕಳ್ರಿ."

ನಾನು ನಕ್ಕುಬಿಟ್ಟೆ. ಇವರು ಗುದ್ದಲಿ ಅಲ್ಲೇ ಬಿಟ್ಟು ಮನೆಗೆ ನಡೆದರು.

ಇವತ್ತಿಗೂ ನಾವು ಉಣ್ಣುವುದು ಆ ಗದ್ದೆಯ ಅನ್ನವನ್ನೇ. ಅದು ಅವಳು ಉಳಿಸಿಕೊಟ್ಟದ್ದು.

ಮಾರನೆಯ ಬೆಳಿಗ್ಗೆ ಬಿಸಿ ರೊಟ್ಟಿ ಕಟ್ಟಿಕೊಂಡು ಹಳ್ಳಕ್ಕೆ ಹೋಗಿ ಅವಳ ಕೈಗೆ ಕೊಟ್ಟೆ. ಅಲ್ಲಿಂದ ನೇರ ಗದ್ದೆಗೆ ಬಂದು, ಇವರು ಏಳುವ ಮೊದಲೇ ಗುಂಡಿಗೆ ಮಣ್ಣು ಎಳೆಯತೊಡಗಿದೆ.