ಕೇರುಹಣ್ಣು ತಿಂದ ಗುಡ್ಡವ್ವ

ಮುಗದ ಊರಿನ ಅಗಸರ ಶೇವಂತೆವ್ವನಿಗೆ ಹಾವಿಗಿಂತ ಕೇರುಮರದ ಅಂಜಿಕೆ ಹೆಚ್ಚು. ಆದರೆ ಹೊಟ್ಟೆಪಾಡಿಗೆ ಅದರ ಬೀಜ ಬೇಕೇ ಬೇಕು. ಬೀಜವನ್ನು ಸೂಜಿಯಿಂದ ಚುಚ್ಚಿ, ಒಸರುವ ಕರಿ ಎಣ್ಣೆಯಿಂದ ಊರವರ ಬಟ್ಟೆಯ ಅಂಚಿಗೆ ಮನೆಗೊಂದು ಗುರುತು ಹಾಕುತ್ತಿದ್ದಳು. ಎಷ್ಟು ಒಗೆದರೂ ಅದು ಹೋಗದು. ಅದೇ ಎಣ್ಣೆ ಮೈಗೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ಹನಿ ಸಿಡಿದು ಅವಳ ಮುಖವೆಲ್ಲ ಊದಿ, ಕಣ್ಣು ಮುಚ್ಚಿಹೋಗಿದ್ದವು. ಅಂದಿನಿಂದ ಕೈಗೆ ಕೊಬ್ಬರಿ ಎಣ್ಣೆ ಬಳಿದುಕೊಳ್ಳದೆ ಬೀಜ ಮುಟ್ಟಿದವಳಲ್ಲ.

೧೯೬೧ರ ಮಾಗಿಯಲ್ಲಿ ಮಗಳು ಗುಡ್ಡವ್ವ ಚೊಚ್ಚಲ ಹೆರಿಗೆಗೆಂದು ಶಿರಗುಪ್ಪಿಯಿಂದ ತವರಿಗೆ ಬಂದಳು. ಏಳು ತಿಂಗಳು ತುಂಬಿತ್ತು. ಮನೆಯಲ್ಲಿ ಕೂತು ಬೇಸರವೆಂದು ಒಂದು ಮುಂಜಾನೆ ತಾಯಿಯ ಬೆನ್ನು ಹತ್ತಿ ಗುಡ್ಡಕ್ಕೆ ಹೊರಟಳು. ಶೇವಂತೆವ್ವ ಅವಳನ್ನು ದೂರದ ಬಂಡೆಯ ಮೇಲೆ ಕೂರಿಸಿ ಬೀಜ ಆರಿಸತೊಡಗಿದಳು. ತಿರುಗಿ ನೋಡಿದರೆ ಬಂಡೆ ಖಾಲಿ. ಗುಡ್ಡವ್ವ ಇನ್ನೊಂದು ಕೇರುಮರದ ಕೆಳಗೆ ನಿಂತು ಬಾಯಾಡಿಸುತ್ತಿದ್ದಳು. ಕೈಯಲ್ಲಿ ಕರಿ ಬೀಜವಿತ್ತು. ಅದರ ತಲೆಯ ಮೇಲಿರುವ ಕಿತ್ತಳೆ ಬಣ್ಣದ ಹಣ್ಣು ಇರಲಿಲ್ಲ.

ಶೇವಂತೆವ್ವ ಆರಿಸಿದ ಬೀಜವನ್ನು ಅಲ್ಲೇ ಬಿಟ್ಟು ಓಡಿಬಂದಳು. "ಉಗುಳ, ನನ ತಾಯಿ. ಉಗುಳ."

"ನುಂಗೇನಿ ಯವ್ವಾ. ಮಂಗ್ಯಾ ತಿನ್ನಾಕತ್ತಿತ್ತು. ಬೀಜಾ ಒಗದು ಬರೇ ಹಣ್ಣ ತಿಂತು. ನನಗೂ ಬಾಯಾಗ ನೀರ ಬಂತು."

ಮನೆಗೆ ಕರೆತಂದವಳೇ ಮಗಳ ತುಟಿ, ನಾಲಿಗೆಗೆಲ್ಲ ಎಣ್ಣೆ ಸವರಿ ಎದುರು ಕೂತಳು. ಅವಳು ಕೆಮ್ಮಿದರೆ ಇವಳು ಬಾಯಿ ತೆರೆಸಿ ನೋಡುತ್ತಿದ್ದಳು. ಬಾಯಿ ಊದಿ ಉಸಿರು ಕಟ್ಟಿದರೆ? ಹೊಟ್ಟೆಯೊಳಗಿನ ಕೂಸಿಗೆ ಬೊಬ್ಬೆ ಎದ್ದರೆ? ಬೀಗರಿಗೆ ಯಾವ ಮುಖ ತೋರಿಸುವುದು? ಗಂಡ ಹುಚ್ಚಪ್ಪನಿಗೆ ಹೇಳಲೂ ಧೈರ್ಯ ಸಾಲದೆ, ಸೂಲಗಿತ್ತಿ ಮದೀನಾಬಿಯನ್ನು ಕರೆಸಿದಳು. ಕೇರುಹಣ್ಣು ತಿಂದವರ ಸುದ್ದಿಯನ್ನು ಆಕೆಯೂ ಕೇಳಿರಲಿಲ್ಲ. ಗುಡ್ಡವ್ವನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಕೂಸು ಆಡಾಕತ್ತೈತಿ, ಶೇವಂತಕ್ಕ. ಮುಂದಿಂದು ನನಗ ತಿಳಿಯಂಗಿಲ್ಲ."

ಸಂಜೆಗೆ ಗುಡ್ಡವ್ವನ ಬೆರಳಿನಲ್ಲಿ, ಬೀಜ ಹಿಡಿದ ಜಾಗದಲ್ಲಿ, ಸಣ್ಣದೊಂದು ಬೊಬ್ಬೆ ಎದ್ದಿತು. ತುಟಿಗೆ ಏನೂ ಆಗಲಿಲ್ಲ. ಗುಡ್ಡವ್ವ ಉಂಡು ಮಲಗಿದಳು. ಹೊರಗೆ ಏಳದ ವಿಷ ಒಳಗೆ ಇಳಿದಿರಬೇಕೆಂದು ಶೇವಂತೆವ್ವ ಮತ್ತಷ್ಟು ಹೆದರಿದಳು. ಹೋಳಿ ಹುಣ್ಣಿಮೆ ಕಳೆದು ಹೆರಿಗೆಯಾಗುವವರೆಗೂ ಅವಳಿಗೆ ತುತ್ತು ಸರಿಯಾಗಿ ಇಳಿಯಲಿಲ್ಲ. ಮದೀನಾಬಿ ಕೂಸನ್ನು ಕೈಗೆ ಕೊಟ್ಟಾಗ ಅವಳು ಗಂಡೋ ಹೆಣ್ಣೋ ಎಂದು ನೋಡಲಿಲ್ಲ. ದೀಪ ಹತ್ತಿರ ತರಿಸಿ ಬಾಯಿ ಬಿಡಿಸಿ ನೋಡಿದಳು. ಎಳೆಯ ಬಾಯಿ ಸ್ವಚ್ಛವಾಗಿ, ಕೆಂಪಗೆ ಇತ್ತು. ಅಲ್ಲಿಯೇ ಗೋಡೆಗೊರಗಿ ಅತ್ತುಬಿಟ್ಟಳು.

ಮರುವರ್ಷ ಮಾಗಿಯಲ್ಲಿ ಮಗಳು ಕೂಸಿನೊಂದಿಗೆ ಬಂದು ಮತ್ತೆ ಅದೇ ಹಣ್ಣು ಕೇಳಿದಳು. ಬೇಡವೆಂದರೆ ಕದ್ದು ತಿನ್ನುವಳೆಂದು ಶೇವಂತೆವ್ವನಿಗೆ ಗೊತ್ತಿತ್ತು. ತಾನೇ ಹೋಗಿ ತಂದಳು. ಮುಖಕ್ಕೆ ಸೆರಗು ಕಟ್ಟಿಕೊಂಡು, ಬೀಜಗಳನ್ನು ತಿರುವಿ ತೆಗೆದು ಹಿತ್ತಲಲ್ಲಿ ಹೂತು, ಹಣ್ಣನ್ನಷ್ಟೇ ಕೆಂಡದ ಮೇಲೆ ಸುಟ್ಟಳು.

"ಮದಲ ನಾ ತಿಂತೇನಿ," ಎಂದಳು. "ನನಗೇನರ ಆದ್ರ ನೀ ಮುಟ್ಟಬ್ಯಾಡ. ಆಣಿ ಮಾಡು."

ಕಣ್ಣು ಮುಚ್ಚಿ ಬಾಯಿಗಿಟ್ಟಳು. ಸಿಹಿ ಮುಗಿಯುವಷ್ಟರಲ್ಲಿ ನಾಲಿಗೆ ದಪ್ಪವಾದಂತೆ, ಗಂಟಲು ಒಣಗಿದಂತೆ ಆಯಿತು. ಮುಗಿಯಿತು ನನ್ನ ಕತೆ ಎಂದುಕೊಂಡು ಮಗಳ ಕೈ ಗಟ್ಟಿಯಾಗಿ ಹಿಡಿದಳು. ಗುಡ್ಡವ್ವ ಅದು ಬರೀ ಒಗರು ಎಂದು ನಗುತ್ತಿದ್ದಳು. ಶೇವಂತೆವ್ವ ಹೊತ್ತು ಮುಳುಗುವವರೆಗೆ ಕಾದು, ಆಮೇಲಷ್ಟೇ ಮಗಳಿಗೆ ಕೊಟ್ಟಳು.

ಗುಡ್ಡವ್ವ ಹೊರಡುವಾಗ ಒಣಗಿಸಿದ ಹಣ್ಣನ್ನು ಒಂದು ಗಂಟು ಕಟ್ಟಿಕೊಂಡು ಹೋದಳು. ಶಿರಗುಪ್ಪಿಯಿಂದ ಬಂದ ಗಾಡಿಯವನು ಬೀಗರ ಮನೆಯಲ್ಲಿ ಎಲ್ಲರೂ ಛಲೋ ಇದ್ದಾರೆಂದು ಹೇಳುವವರೆಗೆ ಶೇವಂತೆವ್ವ ದಿನಾ ಊರ ಹೆಬ್ಬಾಗಿಲಾದ ಅಗಸಿಗೆ ಹೋಗಿ ನಿಲ್ಲುತ್ತಿದ್ದಳು.