ಗುಲಾಬಿಗೆ ತೋಡಿದ ಗುಂಡಿ

ಆ ಚಿತ್ರದ ಕೊನೆ ಸುಳ್ಳು ಎಂದು ಈಗ ತಿಳಿದವರೆಲ್ಲ ಬರೆಯುತ್ತಾರೆ. ನಾಯಕನನ್ನು ಕೊಲೆಗಾರ ಮಾಡಿದರೆ ಜನ ಒಪ್ಪಲಿಕ್ಕಿಲ್ಲ ಎಂದು ಹೆದರಿ ಆಮೇಲೆ ಅಂಟಿಸಿದ ಕೊನೆಯಂತೆ. ಹಾಗಿದ್ದರೂ ಸಸ್ಪೆನ್ಸ್ ಚಿತ್ರಗಳಲ್ಲಿ ಅದಕ್ಕೆ ಸಾಟಿಯಿಲ್ಲವಂತೆ. ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕೊನೆ ಸುಳ್ಳು ಎಂದು ನನ್ನ ಅಕ್ಕ ಅರವತ್ತರ ದಶಕದಲ್ಲೇ ಹೇಳಿದ್ದಳು. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಪ್ಪ ಆಗ ಕಾರ್ಗಲ್ಲಿನಲ್ಲಿ, ವಿದ್ಯುತ್ ಯೋಜನೆಯ ಕಚೇರಿಯಲ್ಲಿ ಗುಮಾಸ್ತರು. ನಮಗೆ ಕ್ವಾರ್ಟರ್ಸ್ ಸಿಕ್ಕಿತ್ತು. ನಾನು ಹೈಸ್ಕೂಲು ಓದುತ್ತಿದ್ದೆ. ಅಕ್ಕನನ್ನು ತೀರ್ಥಹಳ್ಳಿಗೆ ಕೊಟ್ಟಿತ್ತು. ಭಾವನದು ಜವಳಿ ಅಂಗಡಿ, ಊರಲ್ಲಿ ಒಳ್ಳೆಯ ಹೆಸರು. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವಳು ಒಬ್ಬಳೇ ಬಸ್ಸು ಹತ್ತಿ, ಹೊಸನಗರದಲ್ಲಿ ಇಳಿದು ಇನ್ನೊಂದು ಹಿಡಿದು, ಸಾಗರದ ಮೇಲೆ ನಮ್ಮ ಮನೆಗೆ ಬಂದುಬಿಟ್ಟಳು.

"ಅವ್ರು ಬೈಯಲ್ಲ, ಹೊಡಿಯಲ್ಲ," ಎಂದಳು ಅಮ್ಮನ ಹತ್ತಿರ. "ಎಚ್ಚರಾದಾಗ ತಲೆ ಹತ್ರ ನಿಂತಿರ್ತಾರೆ. ಸುಮ್ನೆ ನೋಡ್ತಿರ್ತಾರೆ. ಮೊನ್ನೆ ಕೈಯಾಗೆ ದಿಂಬಿತ್ತು. ಅಲ್ಲಿ ನನ್ನ ಜೀವ ಉಳಿಯಲ್ಲ ಅಮ್ಮ, ಕಳಿಸ್ಬೇಡಿ."

ಕಳಿಸುವುದಿಲ್ಲ ಎಂದಳು ಅಮ್ಮ. ಅಪ್ಪನಿಗೆ ಏನೂ ತೋಚಲಿಲ್ಲ. ಮೈಮೇಲೆ ಒಂದು ಬಾಸುಂಡೆ ಇದ್ದಿದ್ದರೆ ಅವರಿಗೆ ಧೈರ್ಯ ಬರುತ್ತಿತ್ತೇನೋ. ನಮ್ಮಲ್ಲಿ ಇಂಥ ವಿಷಯಕ್ಕೆಲ್ಲ ಹಿರಿಯರು ಕೂತು ಮಾತಾಡಿ ತೀರ್ಮಾನಿಸುವುದು ವಾಡಿಕೆ. ಸಾಗರದಲ್ಲಿ ವಕೀಲರಾಗಿದ್ದ ದೊಡ್ಡಪ್ಪನಿಗೆ ಹೇಳಿಕಳಿಸಿದರು. ಅವರು ಶನಿವಾರ ಬಂದರು, ಭಾವ ಸೋಮವಾರ ಬರುವುದೆಂದಾಯಿತು. ನಡುವಿನ ಭಾನುವಾರ ಕಾಲೋನಿಯ ಕ್ಲಬ್ಬಿನಲ್ಲಿ ಇಂಗ್ಲಿಷ್ ಸಿನಿಮಾ ಇತ್ತು.

ಆ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಇಂಗ್ಲಿಷ್ ಬಲ್ಲವರೊಬ್ಬರು ಪರದೆಯ ಪಕ್ಕ ನಿಂತು ಹೆಂಗಸರಿಗೂ ಮಕ್ಕಳಿಗೂ ಕನ್ನಡದಲ್ಲಿ ಕತೆ ಹೇಳಬೇಕು. ಅವತ್ತು ವಕೀಲರೇ ಬಂದಿದ್ದಾರೆಂದು ದೊಡ್ಡಪ್ಪನನ್ನು ನಿಲ್ಲಿಸಿದರು. ಅಕ್ಕನ ಮನಸ್ಸು ಸ್ವಲ್ಪ ಹಗುರಾಗಲಿ ಎಂದು ಅಮ್ಮ ಅವಳನ್ನೂ ಕರೆದುಕೊಂಡು ಬಂದಿದ್ದಳು. ಎಂಥ ಸಿನಿಮಾ ಎಂದು ಯಾರಿಗೆ ಗೊತ್ತಿತ್ತು!

ಹೊಸದಾಗಿ ಮದುವೆಯಾದ ಹುಡುಗಿ, ಗುಡ್ಡದ ಮೇಲೊಂದು ಬಂಗಲೆ, ಮೃದು ಮಾತಿನ ಗಂಡ. ಅವನು ಕೈತೋಟದ ಮೂಲೆಯಲ್ಲಿ ಗುಟ್ಟಾಗಿ ಗುಂಡಿ ತೋಡುತ್ತಿರುತ್ತಾನೆ. ತನ್ನನ್ನು ಕೊಂದು ಹೂಳುವುದಕ್ಕೇ ಎಂದು ಅವಳ ಭಯ. ಹೇಳಿಕೊಂಡರೆ ನಂಬುವವರಿಲ್ಲ. ಕೊನೆಗೆ ನೋಡಿದರೆ ಗುಂಡಿ ತೋಡಿದ್ದು ಅವಳ ಹುಟ್ಟಿದಹಬ್ಬಕ್ಕೆ ಗುಲಾಬಿ ನೆಡಲು! ಅವಳು ಅಳುತ್ತಾ ಗಂಡನ ಕ್ಷಮೆ ಕೇಳುತ್ತಾಳೆ. "ನೋಡಿ, ಎಲ್ಲ ಅವಳ ಮನಸ್ಸಿನ ಭ್ರಮೆ," ಎಂದು ದೊಡ್ಡಪ್ಪ ದನಿ ಏರಿಸಿ ಹೇಳಿದರು. ಗಂಡಸರ ಕಡೆಯಿಂದ ಚಪ್ಪಾಳೆ ಬಿತ್ತು.

ಆಮೇಲೆ ವರಾಂಡದಲ್ಲಿ ಕಾಫಿ, ಜೊತೆಗೆ ವಿಮರ್ಶೆ. ಅರ್ಧ ಜನಕ್ಕೆ ಇಂಗ್ಲಿಷ್ ಬರುತ್ತಿರಲಿಲ್ಲ, ಅಭಿಪ್ರಾಯಕ್ಕೇನೂ ಬರವಿರಲಿಲ್ಲ. ಫೋಟೋಗ್ರಫಿ ಅದ್ಭುತ ಎಂದರು ಒಬ್ಬ ಇಂಜಿನಿಯರು. ಸಂಸಾರ ಉಳಿಯಿತಲ್ಲ, ಅದೇ ಚಿತ್ರದ ದೊಡ್ಡ ಗುಣ ಎಂದರು ಸ್ಟೋರ್ ಕೀಪರು. ಹೆಂಗಸರ ಸಂಶಯಕ್ಕೆ ಒಳ್ಳೆಯ ಪಾಠ ಎಂದರು ಮತ್ತೊಬ್ಬರು. ಲೋಟ ಹಿಡಿದು ಗೋಡೆಗೆ ಒರಗಿದ್ದ ಅಕ್ಕ ಇದ್ದಕ್ಕಿದ್ದಂತೆ ಬಾಯಿಬಿಟ್ಟಳು.

"ಗುಲಾಬಿಗೆ ಆಳುದ್ದದ ಗುಂಡಿ ಯಾರು ತೋಡ್ತಾರೆ ದೊಡ್ಡಪ್ಪ? ಗಿಡ ನೆಡೋಕೆ ಒಂದು ಮೊಳ ಸಾಕು. ಆ ಕೊನೆ ಸುಳ್ಳು. ಅವ್ನು ಕೊಲ್ತಿದ್ದ."

ಎಲ್ಲರೂ ನಕ್ಕರು. "ಸಿನ್ಮಾ ಮಾಡ್ದೋರಿಗಿಂತ ನಿಂಗೇ ಹೆಚ್ಚು ಗೊತ್ತೇನೆ ಮಾರಾಯ್ತಿ?" ಎಂದರು ದೊಡ್ಡಪ್ಪ. ಅಕ್ಕ ನಗಲಿಲ್ಲ. ಅವಳ ಕೈಯಲ್ಲಿದ್ದ ಲೋಟವನ್ನು ನಾನೇ ತೆಗೆದುಕೊಂಡೆ.

ಸೋಮವಾರ ಭಾವ ಬಂದರು. ಅಮ್ಮನಿಗೆ ಸೀರೆ ತಂದಿದ್ದರು. ದೊಡ್ಡವರ ಕಾಲಿಗೆಲ್ಲ ನಮಸ್ಕರಿಸಿ ಚಾಪೆಯ ತುದಿಯಲ್ಲಿ ಕೂತರು. ಅವರು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ. ದೊಡ್ಡಪ್ಪನೇ ಶುರುಮಾಡಿದರು. "ನಿನ್ನೆ ಎಲ್ರೂ ಕಣ್ಣಾರೆ ಕಂಡ್ರಲ್ಲ. ನಮ್ ಹುಡುಗೀದೂ ಅದೇ ಕತೆ. ಹೊಸ ಜಾಗ, ಏನೇನೋ ಕಲ್ಪನೆ. ಒಂದು ಮಗು ಆದ್ರೆ ಸರಿಹೋಗ್ತಾಳೆ."

ಕೋರ್ಟಿನಲ್ಲಿ ಹಳೆಯ ತೀರ್ಪು ತೆಗೆದು ತೋರಿಸುವ ಹಾಗೆ ಅವರು ಸಿನಿಮಾ ತೋರಿಸಿದರು! ಎದುರಿಗೆ ಜೀವ ಇರುವ ಹುಡುಗಿ ಕೂತಿದ್ದಳು, ಅವಳನ್ನು ಒಂದು ಮಾತು ಕೇಳಲಿಲ್ಲ. ಅಪ್ಪನ ಮುಖ ನಿರಾಳವಾಯಿತು. ಓದಿದವರು ಹೇಳಿದರಲ್ಲ, ಇನ್ನೇನು ಬೇಕಿತ್ತು. ಅಮ್ಮ ಒಳಗೆ ಹೋಗಿ ಅತ್ತಳು, ಆದರೆ ಅಕ್ಕನ ಪೆಟ್ಟಿಗೆ ತುಂಬಿದ್ದೂ ಅವಳೇ. ಬಸ್ಸು ಹೊರಟಾಗ ಅಕ್ಕ ಕಿಟಕಿಯಿಂದ ನಮ್ಮ ಕಡೆ ತಿರುಗಲಿಲ್ಲ. ನಮ್ಮ ಮೇಲೆ ಅವಳಿಗಿದ್ದ ನಂಬಿಕೆ ಅಲ್ಲಿಗೆ ಮುಗಿದಿತ್ತು ಎಂದು ನನಗೆ ಅನ್ನಿಸುತ್ತದೆ.

ಆ ಮಳೆಗಾಲ ಕಳೆಯುವುದರೊಳಗೆ ಸುದ್ದಿ ಬಂತು. ಮಲಗಿದವಳು ಏಳಲಿಲ್ಲವಂತೆ. ನಾವು ತೀರ್ಥಹಳ್ಳಿ ಮುಟ್ಟುವ ಹೊತ್ತಿಗೆ ದಹನವೂ ಆಗಿಹೋಗಿತ್ತು. ಮುಖ ನೋಡಲು ನಮಗಾಗಿ ಯಾರೂ ಕಾದಿರಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಭಾವನ ಮನೆಯ ಜಗಲಿಯಲ್ಲಿ ಎಲ್ಲರೂ ಕೂತಿದ್ದರು. ದೊಡ್ಡಪ್ಪ ಅಲ್ಲೂ ತಮ್ಮ ಅಭಿಪ್ರಾಯ ಹೇಳಿದರು. "ಎದೆ ಮೊದ್ಲೇ ಸೂಕ್ಷ್ಮ ಇತ್ತು ಕಾಣ್ತದೆ. ಇಲ್ಲದ ಅನುಮಾನ ಯಾರೂ ಇಟ್ಕಬೇಡಿ."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಗಂಡಸರ ನಡುವೆ ಅವಳು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅನುಮಾನ ಪಡೋಳು ಹೋದ್ಲಲ್ಲ," ಎಂದಳು. "ಇನ್ನು ನಿಮ್ಗೆ ಯಾರ ಕಾಟಾನೂ ಇಲ್ಲ."

ಭಾವ ಎದ್ದು, ಊಟಕ್ಕೆ ಎಲೆ ಹಾಕಿಸಲು ಒಳಗೆ ಹೋದರು.