ಮಾಗಳಿ ಬೇರು ಮತ್ತು ಕೆಂಪು ಚುಕ್ಕಿ

ಮೊನ್ನೆ ಮಾರುಕಟ್ಟೆಯಲ್ಲಿ ಮಾಗಳಿ ಬೇರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದೆ. ತಿಗಣೆ ವಾಸನೆ ಎಂದು ಮೂಗು ಮುಚ್ಚಿಕೊಳ್ಳುವವರಿದ್ದಾರೆ. ಉಪ್ಪಿನಕಾಯಿಯಾದ ಮೇಲೆ ಎರಡನೆಯ ಸಲ ಬಡಿಸಿಕೊಳ್ಳುವವರೂ ಅವರೇ. ನನ್ನ ಕಷ್ಟ ಬೇರೆ. ನನಗದು ಹೆದರಿಕೆಯ ವಾಸನೆ.

ಎಂಎಸ್ಸಿ ಓದುವಾಗ ನಾನು ಯಾದವಗಿರಿಯ ಶಾರದಮ್ಮನವರ ಮನೆಯ ಹಿಂದಿನ ಕೋಣೆಯಲ್ಲಿದ್ದೆ. ಊಟವೂ ಅವರಲ್ಲೇ. ಮಡಿಯ ಹೆಂಗಸು, ಕರಾರು ಒಂದೇ. ಮುಟ್ಟಾದ ದಿನ ಬಾಯಿಬಿಟ್ಟು ಹೇಳಬೇಕು. ಅವರು ಅಡುಗೆಮನೆ ಬಾಗಿಲ ಪಕ್ಕದ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲಿನ ಚುಕ್ಕಿ ಇಡುತ್ತಿದ್ದರು. ಮೂರು ದಿನ ಒಳಗೆ ಕಾಲಿಡುವಂತಿಲ್ಲ. ಹುಣಸೂರಿನಿಂದ ಬರುವ ಅಮ್ಮ ಮೊದಲು ನೋಡುತ್ತಿದ್ದುದೂ ಆ ಚುಕ್ಕಿಯನ್ನೇ, ನನ್ನ ಮುಖವನ್ನಲ್ಲ. ಮನೆಯ ಪೂಜೆಗೆ ದಿನ ಗೊತ್ತುಮಾಡಲು ಅವಳಿಗೆ ಅದು ಬೇಕಿತ್ತು. ಇಂಥ ಕಾವಲಿನಲ್ಲೂ ಒಬ್ಬನನ್ನು ಪ್ರೀತಿಸಿದೆನಲ್ಲ, ನನ್ನನ್ನು ಜಾಣೆ ಎನ್ನುತ್ತೀರೋ ಪೆದ್ದಿ ಎನ್ನುತ್ತೀರೋ ನಿಮಗೇ ಬಿಟ್ಟದ್ದು.

ಒಂದು ದಿನ ಎಚ್ಚರ ತಪ್ಪಿತು. ಮರುದಿನ ಬೆಳಿಗ್ಗೆಯೇ ಗುರುತಿನವರಾರೂ ಇಲ್ಲದ ವಿಜಯನಗರಕ್ಕೆ ಹೋಗಿ, ದುಪಟ್ಟಾ ಮುಖಕ್ಕೆ ಸುತ್ತಿಕೊಂಡು, ಗರ್ಭ ತಡೆಯುವ ತುರ್ತು ಮಾತ್ರೆ ತಂದು ನುಂಗಿದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಐದನೆಯ ದಿನ ಸ್ವಲ್ಪ ರಕ್ತ ಕಾಣಿಸಿತು. ಹೊತ್ತಲ್ಲದ ಹೊತ್ತಿನ ಚುಕ್ಕಿ ಕಂಡು ಅಮ್ಮ ಕೇಳಿದರೆ ಏನು ಹೇಳಲಿ? ಬಾಯಿ ಮುಚ್ಚಿಕೊಂಡೆ. ಅವತ್ತೇ ಶಾರದಮ್ಮ ಕ್ಯಾಲೆಂಡರ್ ನೋಡಿ ಕರೆದರು: "ನಿಂದು ಇನ್ನೂ ಹತ್ತು ದಿನ ಇದೆ. ಬಾಮ್ಮ, ಮಾಗಳಿ ಬೇರು ಹೆರ್ಕೊಡು."

ಹೆರೆದುಕೊಟ್ಟೆ. ಮುಟ್ಟಾದವರ ಕೈತಾಗಿದರೆ ಉಪ್ಪಿನಕಾಯಿ ಕೆಡುತ್ತದೆಂಬುದನ್ನು ವಿಜ್ಞಾನ ಓದುತ್ತಿದ್ದ ನಾನು ನಂಬುತ್ತಿರಲಿಲ್ಲ. ಆದರೂ ದಿನವೂ ಆ ಜಾಡಿಯತ್ತಲೇ ಕಣ್ಣು. ಬೂಷ್ಟು ಬಂದರೆ ಸಿಕ್ಕಿಬಿದ್ದೆ. ರಕ್ತವೇನೋ ಎರಡು ದಿನಕ್ಕೆ ನಿಂತಿತು. ಆದರೆ ಹತ್ತು ದಿನ ಕಳೆದು ಬರಬೇಕಾದ ಮುಟ್ಟು ಬರಲಿಲ್ಲ. ಮಾತ್ರೆ ಕೈಕೊಟ್ಟಿತೆ? ಬಸುರಾಗಿದ್ದರೆ ಓದು ಅಲ್ಲಿಗೇ ನಿಂತಿತು. ಅಮ್ಮ ಜುಟ್ಟು ಹಿಡಿದು ಊರಿಗೆ ಎಳೆದೊಯ್ಯುತ್ತಾಳೆ. ಗಳಿಗೆಗೊಮ್ಮೆ ಬಚ್ಚಲಿಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. ಹೀಗೆ ಎಂಟು ದಿನ ತಡವಾಗಿದ್ದಾಗ, ಹೇಳದೆ ಕೇಳದೆ ಅಮ್ಮ ಬಂದಳು.

ಬಂದವಳೇ ಕ್ಯಾಲೆಂಡರಿನ ಮುಂದೆ ನಿಂತಳು.

"ಸರಿಯಾಗೇ ಆಗಿದ್ದೀಯ ಕಣೆ. ಹಂಗಾದ್ರೆ ಶುಕ್ರವಾರ ಪೂಜೆಗೆ ಬಂದ್ಬುಡು" ಎಂದಳು.

ನೋಡಿದೆ. ಬೆಳಿಗ್ಗೆಯವರೆಗೂ ಖಾಲಿಯಿದ್ದ, ಎಂಟು ದಿನದ ಹಿಂದಿನ ಚೌಕದಲ್ಲಿ ಕೆಂಪು ಚುಕ್ಕಿ.

ಅಮ್ಮ ಹೋದ ಮೇಲೆ ಶಾರದಮ್ಮ ಮೆಲ್ಲಗೆ ಹೇಳಿದರು: "ದಿನಕ್ಕೆ ಹತ್ತು ಸಲ ಬಚ್ಚಲಿಗೆ ಹೋಗಿಬರೋಳ್ನ ನೋಡಿದ್ರೆ ನಂಗೆ ತಿಳಿಯಲ್ವೇನೆ? ನಿಮ್ಮಮ್ಮ ಗೇಟು ತೆಗೆಯೋದು ಕಾಣಿಸ್ತು, ಇಟ್ಬಿಟ್ಟೆ. ನಾಳೆ ಡಾಕ್ಟ್ರ ಹತ್ರ ಹೋಗೋಣ."

ನಾನು ಅತ್ತುಬಿಟ್ಟೆ. ರಕ್ತ ಕಂಡ ದಿನವೇ ಬೇರು ಮುಟ್ಟಿದ್ದನ್ನೂ ಒಪ್ಪಿಕೊಂಡೆ. ಅವರು ಜಾಡಿ ತೆರೆದು ಮೂಸಿ ನೋಡಿದರು. "ಏನೂ ಆಗಿಲ್ಲ ಕಣೆ" ಎಂದರು.

ಮರುದಿನ ಡಾಕ್ಟರು ಪರೀಕ್ಷೆ ಮಾಡಿ, ಬಸುರಿಲ್ಲ ಎಂದರು. ಆ ಮಾತ್ರೆ ತೆಗೆದುಕೊಂಡ ಮೇಲೆ ನಡುವೆ ರಕ್ತ ಕಾಣಿಸುವುದು, ಮುಟ್ಟು ಹಿಂದುಮುಂದಾಗುವುದು ಇದ್ದದ್ದೇ; ವಾರ ದಾಟಿದರೆ ಮಾತ್ರ ಹೆದರಿ ಕೂರದೆ ಪರೀಕ್ಷಿಸಿಕೊಳ್ಳಬೇಕು ಎಂದು ತಿಳಿಹೇಳಿದರು. ಎರಡು ದಿನ ಬಿಟ್ಟು ಮುಟ್ಟಾಯಿತು. ಶಾರದಮ್ಮನವರಿಗೆ ಹೇಳಿ, ಅಭ್ಯಾಸಬಲದಿಂದ ಹೊರಗೇ ನಿಂತೆ. ಅವರು ಪೆನ್ಸಿಲ್ ತೆಗೆಯಲಿಲ್ಲ. "ತಿಂಗಳಿಗೆ ಎರಡು ಚುಕ್ಕಿ ಇಡಕ್ಕಾಗತ್ತಾ? ಒಳಗೆ ಬಾ, ಅನ್ನ ಆರ್ತಿದೆ" ಎಂದು ಅಡುಗೆಮನೆಯಲ್ಲೇ ಮಣೆ ಹಾಕಿ, ಆ ಉಪ್ಪಿನಕಾಯಿಯನ್ನೇ ಬಡಿಸಿದರು.

ಮೊನ್ನೆ ಅರ್ಧ ಕೆಜಿ ಬೇರು ಕೊಂಡುತಂದೆ. ನನಗೆ ಅವತ್ತು ಮುಟ್ಟಿನ ಎರಡನೆಯ ದಿನ. ಹೆರೆಯಲು ಕೂತವಳು ಜಾಡಿ ತುಂಬುವವರೆಗೆ ಏಳಲಿಲ್ಲ.